ತಡವಾದ ಚಪ್ಪಾಳೆ

ಚಿನ್ಮಯನನ್ನು ಮೊದಲ ಸಲ ಕಂಡಾಗ ನನಗೆ ಬಂದದ್ದು ಕೋಪ. ನೀಲಾಂಬಿಕಾಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಅವ್ವ ಮೊದಲಿನಿಂದ ಹೇಳುತ್ತಾಳೆ. ಆದರೆ ಅವತ್ತು ಕಾರಣವೂ ಇತ್ತು.

ಮ್ಯಾಂಚೆಸ್ಟರ್ ಪಕ್ಕದ ಸೇಲ್ ಅನ್ನುವ ಊರಿನಲ್ಲಿ, ಒಂದು ಶಾಲೆಯ ಹಾಲಿನಲ್ಲಿ ನಮ್ಮ ಕನ್ನಡದವರ ಯುಗಾದಿ ಕಾರ್ಯಕ್ರಮ. ನಾನು ಒಂದು ವಚನ ಹಾಡಿದೆ. ಕೊನೆಯ ಸ್ವರವನ್ನು ಎಳೆದು, ಸಣ್ಣಗೆ ಮಾಡುತ್ತ ಮಾಡುತ್ತ ಬಿಟ್ಟೆ. ಬಿಡುವ ಮೊದಲೇ ಜನ ಚಪ್ಪಾಳೆ ತಟ್ಟಿದರು. ಹಿಂದೆ ಹೋಳಿಗೆ ಬಡಿಸಲು ಶುರು ಮಾಡಿದ್ದರು, ಅವರಿಗೂ ಅವಸರ. ಹಾಲಿನ ಕೊನೆಯಲ್ಲಿ ಸೌಂಡ್ ಡೆಸ್ಕಿನ ಹಿಂದೆ ಕೂತವನೊಬ್ಬ ಮಾತ್ರ ಕೈ ಕಟ್ಟಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಕೊರಳಲ್ಲಿ ಒಂದು ನೀಲಿ ಟವೆಲ್. ಎಲ್ಲರೂ ನಿಲ್ಲಿಸಿ, ನಾನು ಮೈಕಿನಿಂದ ಹಿಂದೆ ಸರಿದು, ನಿರೂಪಕಿ ಮುಂದಿನ ಹೆಸರು ಕರೆಯುವ ಹೊತ್ತಿಗೆ ಅವನು ಎದ್ದು ನಿಂತು ಒಬ್ಬನೇ ಚಪ್ಪಾಳೆ ತಟ್ಟಿದ. ಹಾಲಿನ ತುಂಬ ನಗು.

ಸೆರಗು ಸಿಕ್ಕಿಸಿಕೊಂಡು ನೇರ ಅವನ ಹತ್ತಿರ ಹೋದೆ.

"ಚೇಷ್ಟಿ ಮಾಡ್ತೀರೇನು? ಅಷ್ಟು ಕೆಟ್ಟ ಹಾಡೀನೇನು ನಾ?"

"ಧಾರವಾಡಾನಾ?" ಅಂದ.

"ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ಮೈಕಲ್ಲಿ ಮಾತಾಡಿದ್ದು ಬೆಂಗಳೂರು ಕನ್ನಡ, ಜಗಳಕ್ಕೆ ಧಾರವಾಡ ಬಂತು. ಅದಕ್ಕೆ ಕೇಳಿದೆ." ನಗು ಕಣ್ಣಲ್ಲಿತ್ತು, ತುಟಿಗೆ ಇನ್ನೂ ಇಳಿದಿರಲಿಲ್ಲ. "ಸಾರಿ. ಕೊನೆ ಸ್ವರ ಮುಗೀಲಿ ಅಂತ ಕಾಯ್ತಿದ್ದೆ. ಜಪಾನಲ್ಲಿ ನಾನು ಹೋಗ್ತಿದ್ದ ಕಡೆ ಸ್ವರ ಪೂರ್ತಿ ಆರೋವರೆಗೂ ಯಾರೂ ಕೈ ತಟ್ಟಲ್ಲ. ಹನ್ನೊಂದು ವರ್ಷದ ಅಭ್ಯಾಸ."

ಜಗಳಕ್ಕೆ ಅಂತ ಹೋದವಳು ಅವನ ತಟ್ಟೆಯ ಹೋಳಿಗೆ ತಿಂದು ಬಂದೆ.

ಅವನು ಮೈಸೂರಿನವನು. ಒಸಾಕಾದಲ್ಲಿ ಹಗಲು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತ, ಸಂಜೆಯೆಲ್ಲ ರಾಕ್ ಸಂಗೀತ ಕೇಳುತ್ತ ಹನ್ನೊಂದು ವರ್ಷ ಕಳೆದವನು. ಕೇಳುತ್ತ ಕೇಳುತ್ತ ಸೌಂಡ್ ಕೆಲಸವನ್ನೂ ಕಲಿತು, ಎರಡು ವರ್ಷದ ಕಾಂಟ್ರಾಕ್ಟ್ ಮೇಲೆ ಇಲ್ಲಿನ ಟೀವಿ ಸ್ಟುಡಿಯೋಗಳಿರುವ ಮೀಡಿಯಾಸಿಟಿಗೆ ಬಂದಿದ್ದ. ನಾನು ವಿದನ್‌ಶಾದ ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್. ಬೆಳಗಿನಿಂದ ಸಂಜೆವರೆಗೆ ಜನರ ಕಿವಿ ಪರೀಕ್ಷೆ ಮಾಡುವುದು ನನ್ನ ಹೊಟ್ಟೆಪಾಡು. ಇದನ್ನು ನೆನಪಿಡಿ, ಯಾಕೆಂದರೆ ನಾನು ಎಂಥ ದಡ್ಡಿ ಅಂತ ಮುಂದೆ ನಿಮಗೇ ಗೊತ್ತಾಗುತ್ತದೆ.

ಶನಿವಾರಗಳು ನಮ್ಮವಾದವು. ಅವನು ಕೆನಾಲ್ ಪಕ್ಕದಲ್ಲಿ ನಡೆಸುತ್ತ ನನಗೆ ಮಾತಿನಲ್ಲೇ ಒಸಾಕಾ ತೋರಿಸುತ್ತಿದ್ದ. ನೂಡಲ್ಸ್ ಅಂಗಡಿಯ ಕೆಳಗಿನ ನೆಲಮಾಳಿಗೆ. ಎಂಬತ್ತು ಜನ ಹಿಡಿಸುವ, ನೂರು ಜನ ತುಂಬುವ ಲೈವ್ ಹೌಸ್, ಅಂದರೆ ಬ್ಯಾಂಡುಗಳು ನುಡಿಸುವ ಜಾಗ. ಅಲ್ಲಿ ಅವನ ಪ್ರಾಣದಂಥ ಬ್ಯಾಂಡ್ 'ಕಾಮಿಬುನೆ', ಅಂದರೆ ಕಾಗದದ ದೋಣಿ. ಡ್ರಮ್ಸ್ ಬಾರಿಸುವಾತನಿಗೆ ಐವತ್ತೆರಡು ವರ್ಷ, ಹಗಲು ತೋಫು, ಅಂದರೆ ಸೋಯಾ ಪನೀರು, ಮಾರುತ್ತಾನೆ, ಡ್ರಮ್ಸನ್ನೂ ತೋಫು ವ್ಯಾನಿನಲ್ಲೇ ತರುತ್ತಾನೆ. ಅಭಿಮಾನಿಗಳೆಲ್ಲ ಬ್ಯಾಂಡಿನ ಟವೆಲ್ ಕೊರಳಿಗೆ ಹಾಕಿಕೊಂಡು ಒಂದೇ ತಾಳಕ್ಕೆ ಕೈ ಎತ್ತುತ್ತಾರೆ, ಮುಗಿದ ಮೇಲೆ ತಮ್ಮ ತಮ್ಮ ಲೋಟ ತಾವೇ ಎತ್ತಿಟ್ಟು ಹೋಗುತ್ತಾರೆ.

"ಅಲ್ಲಿ ಪೊಲೀಸರಿಗೂ ಒಂದು ಕಾರ್ಟೂನ್ ಗೊಂಬೆ ಇದೆ, ಗೊತ್ತಾ? ಚರಂಡಿ ಮುಚ್ಚಳದ ಮೇಲೂ ಬಣ್ಣದ ಚಿತ್ರ."

"ಚರಂಡಿ ನೋಡ್ಕೊಂಡು ಹನ್ನೊಂದು ವರ್ಷ ಇದ್ದೆಯಾ?"

"ಒಬ್ಬರೇ ಕೂತು ಹಾಡೋ ಕರೋಕೆ ಗೂಡೂ ಇದೆ. ಬಾಗಿಲು ಹಾಕಿದ್ರೆ ಹೊರಗೆ ಒಂಚೂರೂ ಕೇಳಲ್ಲ. ನಿನ್ನ ಅಲ್ಲಿಗೆ ಕರ್ಕೊಂಡು ಹೋಗಬೇಕು."

"ಅಂಥದ್ದು ನಮ್ಮ ಕ್ಲಿನಿಕ್ಕಲ್ಲೇ ಇದೆ, ಮಹಾರಾಯ. ಕಿವಿ ಪರೀಕ್ಷೆ ಮಾಡೋ ಬೂತ್. ಪಾಸ್‌ಪೋರ್ಟ್ ಬೇಡ."

ಲೈವ್ ಹೌಸಿನ ಬಾಗಿಲಲ್ಲಿ ಒಂದು ಪದ್ಧತಿಯಂತೆ. ಸಂಜೆಗೆ ನಾಲ್ಕೈದು ಬ್ಯಾಂಡ್ ಇದ್ದರೂ ಒಳಗೆ ಬಿಡುವ ಮೊದಲು ಕೇಳುತ್ತಾರೆ: ಇವತ್ತು ಯಾರನ್ನು ನೋಡಲು ಬಂದಿರಿ? ಒಂದೇ ಹೆಸರು ಹೇಳಬೇಕು. ಈ ಕಥೆ ಹೇಳಿದ ಮೇಲೆ ಪ್ರತಿ ಶನಿವಾರ ನಾನು ಟ್ರಾಮ್ ಇಳಿದ ಕೂಡಲೇ ದಾರಿಗೆ ಅಡ್ಡ ಕೈ ಹಿಡಿದು ನಿಲ್ಲುತ್ತಿದ್ದ.

"ಇವತ್ತು ಯಾರನ್ನ ನೋಡೋಕೆ ಬಂದಿರಿ?"

"ಟವೆಲ್ ಮಾರೋರನ್ನ."

"ಹೆಸರು ಹೇಳಬೇಕು."

"ಹೇಳಲ್ಲ. ಕೈ ತೆಗಿ, ಚಳಿ."

ಹೇಳಬೇಕಾಗಿತ್ತು. ಆ ಶನಿವಾರಗಳಲ್ಲಿ ಒಂದು ಸಲವಾದರೂ ಹೆಸರು ಹೇಳಿದ್ದರೆ ಅಂತ ಈಗ ಅನ್ನಿಸುತ್ತದೆ.

ನಾನು ಮಾತಾಡುವಾಗ ಅವನು ನನ್ನ ತುಟಿ ನೋಡುತ್ತಿದ್ದ. ಕಣ್ಣಿನಿಂದ ತುಟಿಗೆ, ತುಟಿಯಿಂದ ಕಣ್ಣಿಗೆ. ನನಗೆ ಕೆನ್ನೆ ಬಿಸಿಯಾಗಿ, ಬೇಕೆಂದೇ ಸ್ವಲ್ಪ ನಿಧಾನ ಮಾತಾಡುತ್ತಿದ್ದೆ. ನಡೆಯುವಾಗ ಯಾವಾಗಲೂ ನಾನು ಅವನ ಬಲಗಡೆ. ಹೇಗೋ ಎಡಕ್ಕೆ ಬಂದರೆ ಮೆಲ್ಲಗೆ ಮೊಣಕೈ ಹಿಡಿದು ಈಚೆ ತಂದುಕೊಳ್ಳುತ್ತಿದ್ದ. ಎಂಥ ಮರ್ಯಾದಸ್ಥ, ರಸ್ತೆ ಕಡೆ ತಾನು ನಡೆಯುತ್ತಾನೆ ಅಂತ ಉಬ್ಬಿಹೋದೆ. ಆಚೆ ಕಡೆ ರಸ್ತೆ ಇಲ್ಲದಾಗಲೂ ಹಾಗೇ ಮಾಡುತ್ತಿದ್ದ ಅನ್ನುವುದು ತಲೆಗೆ ಹೋಗಲೇ ಇಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಇದೇ ಅದು.

ನವೆಂಬರಿನ ಒಂದು ಶನಿವಾರ. ಫುಟ್‌ಬಾಲ್ ಮ್ಯಾಚ್ ಬಿಟ್ಟ ಹೊತ್ತು, ಟ್ರಾಮ್ ತುಂಬ ಕೆಂಪು ಜೆರ್ಸಿಗಳು. ಅವನ ಎಡಗಡೆ ಮಾತ್ರ ಒಂದು ಸೀಟು ಸಿಕ್ಕಿತು. ಕಾರ್ನ್‌ಬ್ರೂಕ್ ಸ್ಟಾಪ್ ಇನ್ನೇನು ಬಂತು ಅನ್ನುವಾಗ ಸಿಗ್ನಲ್ ಬಿದ್ದು ಟ್ರಾಮ್ ನಿಂತಿತು. ಮೋಟಾರಿನ ಸದ್ದು ಅಡಗಿತು. ಮ್ಯಾಚ್ ಸೋತ ಜನ, ಮಾತಿರಲಿಲ್ಲ. ನನ್ನ ಎದೆ ಹೊಡೆದುಕೊಳ್ಳುವುದು ನನಗೇ ಕೇಳುವಷ್ಟು ನಿಶ್ಶಬ್ದ. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಅನ್ನಿಸಿತು.

"ಚಿನ್ಮಯ, ನನಗೆ ನೀನು ಬೇಕು. ಶನಿವಾರ ಅಷ್ಟೇ ಅಲ್ಲ, ದಿನಾ ಬೇಕು."

ಅವನು ಕಿಟಕಿಯ ಕಡೆ ನೋಡುತ್ತಿದ್ದ. ತಿರುಗಲಿಲ್ಲ. ಟ್ರಾಮ್ ಹೊರಟಿತು. ಸ್ವಲ್ಪ ಹೊತ್ತಾದ ಮೇಲೆ, "ಮಳೆ ನಿಂತಿದೆ" ಅಂದ.

ಮೂರು ವಾರ ಅವನ ಮೆಸೇಜಿಗೆ ಉತ್ತರ ಕೊಡಲಿಲ್ಲ. ಕೆಲಸದಲ್ಲಿ ನಕ್ಕೆ, ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಅತ್ತೆ. ಅವ್ವ ಫೋನಿನಲ್ಲಿ "ಯಾಕವ್ವಾ, ಧ್ವನಿ ಹಿಂಗ್ಯಾಕ?" ಅಂದರೆ ನೆಗಡಿ ಅಂದೆ.

ಡಿಸೆಂಬರಿನ ಒಂದು ಬುಧವಾರ, ಮಧ್ಯಾಹ್ನ ಊಟದ ಬಿಡುವಿಗೆ ರಿಸೆಪ್ಶನ್ನಿನ ಹೆಲೆನ್ ನನ್ನ ರೂಮಿಗೆ ಬಂದಳು. ಅವಳ ಇಂಗ್ಲಿಷ್ ಮಾತಿನಲ್ಲಿ ತುಂಟತನವಿತ್ತು. "ಒಬ್ಬರು ಬಂದಿದ್ದಾರೆ. ಯಾರನ್ನು ನೋಡಬೇಕು ಅಂತ ಕೇಳಿದೆ. ಒಂದೇ ಹೆಸರು ಹೇಳಬೇಕಲ್ಲ, ಅಂತ ನಿನ್ನ ಹೆಸರು ಹೇಳಿದರು."

ನೀಲಿ ಟವೆಲ್ ಹಾಕಿಕೊಂಡೇ ಬಂದಿದ್ದ. ಸೊರಗಿದ್ದ. ಕೂತು, ಜೇಬಿನಿಂದ ಮಡಿಸಿದ ಹಾಳೆ ತೆಗೆದು ನನ್ನ ಮುಂದಿಟ್ಟ.

"ನಮ್ಮ ಏರಿಯಾ ಡಾಕ್ಟರು ಬೇರೆ ಆಸ್ಪತ್ರೆಗೆ ಕಳಿಸಿದ್ರು. ನಿನಗೆ ಓದೋಕೆ ಬರುತ್ತಲ್ಲ, ಓದು."

ಅದು ಆಡಿಯೋಗ್ರಾಮ್, ಕಿವಿಯ ನಕ್ಷೆ. ಎಡಗಿವಿಯ ಗೆರೆ ಶುರುವಿನಲ್ಲೇ ಕುಸಿದು ತಳ ಸೇರಿತ್ತು. ಆ ಕಿವಿಯಲ್ಲಿ ಏನೂ ಉಳಿದಿರಲಿಲ್ಲ. ನಾನು ಕೆಟ್ಟವಳೋ ಒಳ್ಳೆಯವಳೋ ಗೊತ್ತಿಲ್ಲ, ಅದನ್ನು ನೋಡಿದ ಕೂಡಲೇ ನನಗಾದದ್ದು ಸಂತೋಷ. ಟ್ರಾಮಿನಲ್ಲಿ ನಾನು ಕೂತದ್ದು ಎಡಗಡೆ! ಅವನಿಗೆ ಕೇಳಿಸಿಯೇ ಇಲ್ಲ! ನನ್ನನ್ನು ಬೇಡ ಅಂದಿಲ್ಲ!

ಆಮೇಲೆ ಬಲಗಿವಿಯ ಗೆರೆ ನೋಡಿದೆ. ದಿನಾ ಇದನ್ನೇ ಓದುವವಳು, ಓದದೇ ಇರಲಾಗಲಿಲ್ಲ. ಮೇಲಿನ ಸ್ವರಗಳು ಇಳಿಜಾರಿನಲ್ಲಿದ್ದವು. ಆದರೆ ಮಾತು ಕೇಳುವ ಜಾಗದಲ್ಲಿ ಗೆರೆ ಇನ್ನೂ ಗಟ್ಟಿಯಾಗಿತ್ತು. ನಿಂತ ಟ್ರಾಮಿನಲ್ಲಿ, ಒಂದು ಗೇಣು ದೂರದಲ್ಲಿ ಕೂತು ಆಡಿದ ಮಾತು ಆ ಕಿವಿಗೆ ಕೇಳಲೇಬೇಕು.

ಹಾಳೆ ಕೆಳಗಿಟ್ಟೆ.

"ನಿನಗ ಕೇಳಿಸಿತ್ತು."

ಅವನು ನನ್ನ ತುಟಿಯಿಂದ ಕಣ್ಣು ತೆಗೆದು ನೆಲ ನೋಡಿದ.

"ಕೇಳಿಸ್ತು," ಅಂದ. "ಪೂರ್ತಿ ಕೇಳಿಸ್ತು. ಅದಾದ ಮೇಲೂ ದಿನಾ ಕೇಳಿಸ್ತಾ ಇದೆ."

"ಮತ್ತ? ಮಳಿ ನಿಂತದ ಅಂದೆಲ್ಲೋ! ಅಷ್ಟ ಏನು ನಾ?"

"ನೀಲಾ, ಬಲಗಡೆದೂ ಹೋಗತ್ತೆ. ಒಂದು ವರ್ಷ, ಹೆಚ್ಚಂದ್ರೆ ಎರಡು ಅಂದಿದಾರೆ. ಅಪ್ಪನಿಂದ ಬಂದಿದ್ದು, ರಾಕ್ ಇನ್ನಷ್ಟು ಅವಸರ ಮಾಡ್ತು." ಟವೆಲಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದ. "ನಮ್ಮಮ್ಮ ಹಾಡ್ತಿದ್ರು. ನಿನ್ನಷ್ಟೇ ಚೆನ್ನಾಗಿ. ಅಪ್ಪನಿಗೆ ನಲವತ್ತೈದಕ್ಕೆ ಕಿವಿ ಹೋಯ್ತು. ಮಷೀನ್ ಹಾಕ್ಕೊಳ್ಳಲ್ಲ ಅಂದ್ರು. ಊಟಕ್ಕೆ ಬನ್ನಿ ಅನ್ನೋದರಿಂದ ಹಿಡಿದು ಎಲ್ಲಾ ಕೂಗಬೇಕು. ಕೂಗಿ ಕೂಗಿ ಅಮ್ಮನ ಗಂಟಲು ಒಡೆದುಹೋಯ್ತು. ಸಾಯೋ ಮುಂಚೆ ಹತ್ತು ವರ್ಷ ಒಂದು ಹಾಡೂ ಹಾಡಲಿಲ್ಲ. ನಿನ್ನ ಗಂಟಲಿಗೆ ನಾನು ಅದು ಮಾಡಲ್ಲ."

"ನನ್ನ ಗಂಟಲದ ಉಸಾಬರಿ ನಿನಗ್ಯಾರು ಕೊಟ್ಟಾರ?" ನಾನು ಕೂಗಿಯೇಬಿಟ್ಟೆ. "ಹಿಯರಿಂಗ್ ಏಡ್ ಅದ, ಆಪರೇಶನ್ ಅದ. ದಿನಬೆಳಗಾದರ ಮಂದಿಗೆ ನಾನೇ ಹಾಕಿ ಕಳಸ್ತೀನಿ. ನೀ ನಿಮ್ಮಪ್ಪ ಅಲ್ಲ, ನಾ ನಿಮ್ಮಮ್ಮ ಅಲ್ಲ!"

"ನೋಡು," ಅಂದ ಮೆಲ್ಲಗೆ. "ಈಗಲೇ ಕೂಗ್ತಿದೀಯ."

ನಾನು ಹಾಳೆಯನ್ನು ಮಡಿಸಿ ಅವನ ಕಡೆಗೆ ಸರಿಸಿದೆ.

ಶುಕ್ರವಾರ ಒಸಾಕಾಗೆ ಅವನ ವಿಮಾನ. ಭಾನುವಾರ ಅದೇ ನೆಲಮಾಳಿಗೆಯಲ್ಲಿ ಕಾಮಿಬುನೆಯ ಕೊನೆಯ ಲೈವ್ ಕಾರ್ಯಕ್ರಮ. ತೋಫುವಾಲನ ಮಣಿಕಟ್ಟು ಸೋತಿದೆ, ಬ್ಯಾಂಡ್ ಮುಚ್ಚುತ್ತಿದೆ. ಕಾಂಟ್ರಾಕ್ಟ್ ಮುಗಿದಿತ್ತು. ಅಲ್ಲೇ ಇದ್ದುಬಿಡುತ್ತೇನೆ ಅಂದ. ಆ ಊರಿನ ಬೀದಿ ಬೀದಿ ಗೊತ್ತು, ಕಿವಿ ಇಲ್ಲದೆಯೂ ಬದುಕಬಹುದು.

"ನಾನೂ ಬರ್ತೀನಿ," ಅಂದೆ. ನಾಚಿಕೆ ಬಿಟ್ಟೇ ಅಂದೆ.

"ಅಲ್ಲಿಗೂ ಇದೇ ಗಂಟಲು ತಾನೆ ಬರೋದು."

ಆ ಮಾತಿಗೆ ಅವನಿಗೇ ಕಣ್ಣು ತುಂಬಿತು. ಕಾಲು ಹಿಡಿದರೆ ಉಳಿಯುತ್ತಿದ್ದನೇನೋ. ಆದರೆ ಹಾಗೆ ಉಳಿದವನು ನಾನು ಬಾಯಿ ತೆರೆದಾಗಲೆಲ್ಲ ತನ್ನ ತಾಯಿಯನ್ನು ನೆನೆಸಿಕೊಂಡು ಕುಗ್ಗುತ್ತಾನೆ. ಅದನ್ನು ನಾನು ದಿನಾ ನೋಡಬೇಕು. ಪ್ರೀತಿ ಇದ್ದೂ ಬಿಟ್ಟುಕೊಡುವುದು ಇಷ್ಟು ಕಷ್ಟ ಅಂತ ಯಾರೂ ನನಗೆ ಹೇಳಿರಲಿಲ್ಲ.

"ಕಿವಿಗೆ ಏನೂ ಹಾಕದೆ ಆ ಲೈವ್‌ಗೆ ಹೋದರೆ ಇರೋದೂ ಹೋಗತ್ತೆ," ಅಂದೆ, ಕೆಲಸದ ದನಿ ತಂದುಕೊಂಡು.

"ಅದಕ್ಕೂ ಬಂದೆ. ಪ್ಲಗ್ ಮಾಡಿಕೊಡ್ತೀಯಾ?"

ಸೀನಿಯರ್ ಹತ್ತಿರ ಅನುಮತಿ ಕೇಳಿ ಬಂದೆ. ಎರಡು ಬಣ್ಣದ ಹಿಟ್ಟು ಕಲಸಿ ಕಿವಿಯೊಳಗೆ ತುಂಬಿದರೆ ಅಲ್ಲೇ ಗಟ್ಟಿಯಾಗಿ, ಅವರವರ ಕಿವಿಯದೇ ಅಚ್ಚು ಬರುವ, ಸದ್ದು ತಡೆಯುವ ಪ್ಲಗ್ ಅದು. ಸಾವಿರ ಕಿವಿ ಮುಟ್ಟಿದ ಕೈ ನನ್ನದು, ಅವತ್ತು ಹಿಟ್ಟನ್ನು ಎರಡು ಸಲ ಕಲಸಬೇಕಾಯಿತು. ಮೊದಲು ಬಲ, ಆಮೇಲೆ ಎಡ. ಎಡಗಿವಿಗೆ ಬೇಕಾಗಿರಲಿಲ್ಲ, ಆದರೂ ಮಾಡಿದೆ, ಅಷ್ಟು ಹೊತ್ತಾದರೂ ಅವನ ತಲೆ ನನ್ನ ಕೈಯಲ್ಲಿರಲಿ ಅಂತ. ಗಟ್ಟಿಯಾದದ್ದನ್ನು ತೆಗೆದು ಪುಟ್ಟ ಡಬ್ಬಿಗೆ ಹಾಕಿ ಅವನ ಅಂಗೈಯಲ್ಲಿಟ್ಟೆ.

ಅವನು ಏಳಲಿಲ್ಲ.

"ನಿನಗೊಂದು ಸುಳ್ಳು ಹೇಳಿದ್ದೆ. ಯುಗಾದಿ ದಿನ. ಜಪಾನಿನ ಪದ್ಧತಿ ಅಂದೆನಲ್ಲ, ಅದು ಅರ್ಧ ನಿಜ. ನನ್ನ ಕಿವಿಯೊಳಗೆ ಯಾವಾಗ್ಲೂ ಒಂದು ಗುಂಯ್ ಅಂತಿರತ್ತೆ. ನಿನ್ನ ಸ್ವರ ಸಣ್ಣಗಾಗ್ತಾ ಆಗ್ತಾ ಅದರೊಳಗೆ ಸೇರಿಕೊಂಡುಬಿಡ್ತು. ಎಲ್ಲಿ ಮುಗೀತು ಅಂತ ಗೊತ್ತಾಗಲಿಲ್ಲ. ನೀನು ಮೈಕಿಂದ ಹಿಂದೆ ಸರಿದ ಮೇಲೆ, ನಿನ್ನ ಮುಖ ನೋಡಿ, ಓಹೋ ಮುಗಿದಿದೆ ಅಂತ ಚಪ್ಪಾಳೆ ತಟ್ಟಿದೆ."

ಇನ್ನೂರು ಜನ ನಕ್ಕಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಹೋಗಿದ್ದೆ.

"ಇನ್ನೊಂದ್ಸಲ ಹಾಡ್ತೀಯಾ?" ಅಂದ. "ಆ ಗೂಡಿನಲ್ಲಿ?"

ಬೂತಿನ ದಪ್ಪ ಬಾಗಿಲು ಎಳೆದುಕೊಂಡೆ. ಇಬ್ಬರಿಗೆ ಅಲ್ಲಿ ಜಾಗವಿಲ್ಲ. ಅವನು ಸ್ಟೂಲಿನ ಮೇಲೆ ಕೂತ, ನಾನು ಅವನ ಬಲಗಡೆ ಗೋಡೆಗೆ ಒರಗಿ ನಿಂತೆ. ಹೊರಗಿನ ಆಸ್ಪತ್ರೆ ಪೂರ್ತಿ ಅಡಗಿತು.

"ಇವತ್ತು ಯಾರನ್ನ ನೋಡೋಕೆ ಬಂದಿರಿ?" ಅಂತ ಕೇಳಿದೆ.

"ನೀಲಾಂಬಿಕಾನ." ಅಂದ. "ನನಗೂ ನೀನು ಬೇಕಾಗಿತ್ತು, ನೀಲಾ. ದಿನಾ."

ಅದೇ ವಚನ ಹಾಡಿದೆ. ಅವನು ಕಣ್ಣು ಮುಚ್ಚಿದ, ಅಂಗೈ ಎರಡನ್ನೂ ಮೊಣಕಾಲ ಮೇಲಿಟ್ಟುಕೊಂಡ. ಕೊನೆಯ ಸ್ವರವನ್ನು ಎಳೆದೆ, ಉಸಿರು ಇರುವ ತನಕ ಎಳೆದೆ, ಸಣ್ಣಗೆ ಮಾಡುತ್ತ ಮಾಡುತ್ತ ಬಿಟ್ಟೆ.

ಬೂತಿನೊಳಗೆ ಏನೂ ಉಳಿಯಲಿಲ್ಲ. ಅವನು ಕಣ್ಣು ತೆರೆಯಲಿಲ್ಲ, ಕೈ ಎತ್ತಲಿಲ್ಲ. ಮುಖವನ್ನು ಸ್ವಲ್ಪ ನನ್ನ ಕಡೆಗೆ ವಾಲಿಸಿ ಕಾಯುತ್ತಿದ್ದ. ಭುಜ ಮುಟ್ಟಿದ್ದರೆ ಸಾಕಿತ್ತು, ಮುಗಿಯಿತು ಅಂತ ಗೊತ್ತಾಗುತ್ತಿತ್ತು, ಎದ್ದು ಹೋಗುತ್ತಿದ್ದ.

ನಾನು ಮುಟ್ಟಲಿಲ್ಲ. ಅವನಿಗೆ ನಾನಿನ್ನೂ ಹಾಡುತ್ತಲೇ ಇದ್ದೆ.