ಕಾದ್ರಿಯೋರ್ಗಿಗೆ ಯಾವ ಟ್ರಾಮು?

ಹೆಲ್ಸಿಂಕಿಯ ಹಡಗು ತಾಲಿನ್ ಬಂದರಿಗೆ ಬಂದು ನಿಂತಾಗ ಮೊದಲು ಹೊರಗೆ ಬಂದದ್ದು ಸೂಟ್‌ಕೇಸುಗಳ ಗಡಗಡ ಸದ್ದು. ಅದರ ಹಿಂದೆ ಜನ, ಜನರ ಹಿಂದೆ ಲೇಲೋ. ಬೂದು ಕೋಟು, ಕುತ್ತಿಗೆಗೆ ಉರ್ಮಾಸ್ ಕೊಡಿಸಿದ್ದ ಕೆಂಪು ಶಾಲು. ಶಾಲು ಕಂಡದ್ದೇ ತಡ, ಕಾದು ನಿಂತಿದ್ದ ಉರ್ಮಾಸನ ಎದೆ ಹಗುರಾಯಿತು.

ಓಡಿಹೋಗಿ ತಬ್ಬಿಕೊಳ್ಳುವ ಪದ್ಧತಿ ಅವರಿಬ್ಬರಲ್ಲಿ ಇರಲಿಲ್ಲ. ಅವರದ್ದು ಬೇರೆಯೇ ಆಟ. ಅವಳು ನೆಟ್ಟಗೆ ಬಂದು, ಬ್ಯಾಗು ಕೆಳಗಿಟ್ಟು, ಗುರುತೇ ಇಲ್ಲದವಳಂತೆ ಅವನ ಮುಖ ನೋಡಿದಳು.

"ಸ್ವಾಮಿ, ಊರಿಗೆ ಹೊಸಬಳು ನಾನು. ಕಾದ್ರಿಯೋರ್ಗ್ ಪಾರ್ಕಿಗೆ ಯಾವ ಟ್ರಾಮು ಹತ್ತಬೇಕು?"

"ಒಂದನೇ ನಂಬರು ತಾಯಿ. ಅಗೋ, ಆ ಕಡೆ ಹೋಗೋದು," ಎಂದು ಅವನು ಗಂಭೀರವಾಗಿ ತಪ್ಪು ದಿಕ್ಕಿಗೆ ಕೈ ತೋರಿಸಿದ.

ಆರು ವರ್ಷದ ಹಿಂದೆ ಅದು ಆಟವಾಗಿರಲಿಲ್ಲ. ಸಾರೆಮಾ ದ್ವೀಪದಿಂದ ಮೊದಲ ಸಲ ರಾಜಧಾನಿಗೆ ಬಂದ ಹುಡುಗಿ ನಿಜವಾಗಿಯೇ ದಾರಿ ಕೇಳಿದ್ದಳು. ಅವನು ಬೇಕೆಂದೇ ಎದುರು ದಿಕ್ಕಿನ ಟ್ರಾಮು ಹತ್ತಿಸಿ, ತಾನೂ ಹತ್ತಿದ್ದ. ಆ ಕಡೆಯ ಕೊನೆ ಸ್ಟಾಪು ಕೊಪ್ಲಿ. ಅವನ ಮನೆ ಇದ್ದದ್ದು ಅಲ್ಲಿ. ಪಾರ್ಕಿನ ಬದಲು ಹಳೇ ಮರದ ಮನೆಗಳೂ ಸಮುದ್ರವೂ ಕಂಡಾಗ ಅವಳು ದ್ವೀಪದ ರಾಗದಲ್ಲಿ ಬಾಯಿಗೆ ಬಂದಂತೆ ಬೈದಳು. ಬೈದು ಸುಸ್ತಾಗಿ, ಅವನ ಬುತ್ತಿಯಲ್ಲಿದ್ದ ಕಪ್ಪು ಬ್ರೆಡ್ಡು, ಉಪ್ಪುಮೀನಿನಲ್ಲಿ ಅರ್ಧ ತಿಂದಳು. ಮುಂದೆ ಹೆಲ್ಸಿಂಕಿಯ ವೃದ್ಧಾಶ್ರಮವೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಹಡಗಿನಲ್ಲಿ ಎರಡು ಗಂಟೆ ದಾರಿ, ಅದೇನು ದೂರವಾ, ಎಂದು ಇಬ್ಬರೂ ಹೇಳಿಕೊಂಡರು.

"ಅಗ್ಗದ ಬಿಯರ್‌ಗೆ ಅಂತ ಇಲ್ಲಿಗೆ ಬರೋ ಅಲ್ಲಿನವರ ಥರ ಕೇಸು ಸಾಗಿಸೋಕೆ ತಳ್ಳೋ ಗಾಡಿ ತಂದಿಲ್ಲ. ಅಂದ್ರೆ ನೀನಿನ್ನೂ ಪೂರ್ತಿ ಫಿನ್ನಿಷ್ ಆಗಿಲ್ಲ," ಎಂದು ಉರ್ಮಾಸ್ ಕಿಚಾಯಿಸಿದ. ಬೇರೆ ದಿನವಾಗಿದ್ದರೆ ಭುಜಕ್ಕೊಂದು ಗುದ್ದು ಬೀಳುತ್ತಿತ್ತು. ಇವತ್ತು ಅವಳು ಶಾಲು ಸರಿಮಾಡಿಕೊಂಡಳು, ಅಷ್ಟೇ.

ಅವನು ಗಮನಿಸಲಿಲ್ಲ. ಅವನ ಹೊಟ್ಟೆಯಲ್ಲಿ ಒಂದು ಗುಟ್ಟು ಕುಣಿಯುತ್ತಿತ್ತು. ಕೋಣೆ ಕಾಯಿಸುವ ಇಟ್ಟಿಗೆ ಒಲೆ ಕಟ್ಟುವುದು ಅವನ ಕಸುಬು. ಊರವರ ಮನೆಗೆಲ್ಲ ಕಟ್ಟಿಕೊಟ್ಟವನ ಸ್ವಂತ ಕೋಣೆಯಲ್ಲಿ ಮಾತ್ರ ಹೊಗೆ ಕಾರುವ ಕಬ್ಬಿಣದ ಡಬ್ಬ. 'ನಿನ್ನ ಮನೇಲಿ ನನ್ನ ಕಾಲು ಹೆಪ್ಪುಗಟ್ಟುತ್ತೆ' ಎಂದು ಲೇಲೋ ದೂರುತ್ತಿದ್ದಳು. ಕ್ರಿಸ್‌ಮಸ್ ಆದಮೇಲೆ ಅವಳು ಈ ಕಡೆ ಬಂದಿರಲಿಲ್ಲ. ಈಗ ಅಲ್ಲೊಂದು ಬಿಳಿ ಹೆಂಚು ಹೊದಿಸಿದ ಒಲೆ ನಿಂತಿತ್ತು, ಬೆನ್ನು ಒರಗಿಸಿ ಕೂರುವಂತೆ ಬೆಚ್ಚನೆಯ ಜಗಲಿ ಸಮೇತ. ಅವಳನ್ನು ಅಲ್ಲಿ ಕೂರಿಸಿ, ಇಲ್ಲೇ ಇದ್ದುಬಿಡು ಎಂದು ಕೇಳಬೇಕು.

ಸ್ಟಾಪಿಗೆ ನಡೆದು ಬರುವಷ್ಟರಲ್ಲಿ ಕೊಪ್ಲಿಯ ಟ್ರಾಮು ಬಂತು. ಉರ್ಮಾಸ್ ತನ್ನ ಹಸಿರು ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿದ. ಊರಿನಲ್ಲಿ ಹೆಸರು ದಾಖಲಾದವರಿಗೆ ಪ್ರಯಾಣ ಪುಕ್ಕಟೆ. ದುಡ್ಡು ಕೊಡುವುದು ನೋಡಲು ಬಂದವರು. ಲೇಲೋ ಮುಂದಿನ ಬಾಗಿಲಿಗೆ ಹೋಗಿ ಬ್ಯಾಂಕ್ ಕಾರ್ಡು ಮುಟ್ಟಿಸಿದಳು.

ಅಲ್ಲೇ ಅಣಬೆಯ ಬಕೆಟ್ಟು ಇಟ್ಟುಕೊಂಡು ಕೂತಿದ್ದ ಮುದುಕಿಗೆ ತಡೆಯಲಾಗಲಿಲ್ಲ. "ಏನೇ ಹುಡುಗಿ, ಹಸಿರು ಕಾರ್ಡು ಮರೆತು ಬಂದ್ಯಾ? ನಮ್ಮ ಭಾಷೆ ಮಾತಾಡ್ಕೊಂಡು ಟೂರಿಸ್ಟ್ ಥರ ದುಡ್ಡು ಸುರೀತೀಯಲ್ಲ!"

"ನಾನು ಈ ಊರಿನವಳಲ್ಲ ಅಜ್ಜಿ."

ಉರ್ಮಾಸ್ ಗಟ್ಟಿಯಾಗಿ ನಕ್ಕ. "ಸಾಕು ಮಾರಾಯ್ತಿ, ನಾಟಕ ಜಾಸ್ತಿಯಾಯ್ತು."

ಅವಳು ತಿರುಗಿದಳು. ಆ ಕಣ್ಣಲ್ಲಿ ನಾಟಕ ಇರಲಿಲ್ಲ.

"ವಸಂತದಲ್ಲೇ ವಿಳಾಸ ಬದಲಾಯಿಸಿದೆ ಉರ್ಮಾಸ್. ಹೆಲ್ಸಿಂಕಿಗೆ."

ಮುದುಕಿ ಬಕೆಟ್ಟನ್ನು ತೊಡೆಯ ಮೇಲೆ ಎಳೆದುಕೊಂಡು, ಕಿಟಕಿಯ ಕಡೆ ಮುಖ ಮಾಡಿದಳು.

"ಕೆಲಸಕ್ಕೆ ಬೇಕಾಯ್ತಾ?" ಎಂದು ಉರ್ಮಾಸ್ ಕೇಳಿದ.

"ಇಲ್ಲ. ಅಲ್ಲಿ ಒಬ್ಬನಿದ್ದಾನೆ. ತಾನೇಲಿ ಅಂತ ಹೆಸರು. ಅವನಮ್ಮನ್ನ ನೋಡೋಕೆ ನಮ್ಮ ಆಶ್ರಮಕ್ಕೆ ಬರ್ತಿದ್ದ. ಜೊತೇಲಿರ್ತೀಯಾ ಅಂತ ಕೇಳಿದ. ಬಾಯಿಬಿಟ್ಟು ಕೇಳಿದ."

"ನಾನೂ ಇವತ್ತು..."

"ನಾನು ಕೇಳಿದ್ದೆನಲ್ಲ, ಕ್ರಿಸ್‌ಮಸ್ ದಿನ. ವಾಪಸ್ ಬಂದ್ಬಿಡಲಾ ಅಂತ. ನೀನು ಏನಂದೆ?"

ಅವನಿಗೆ ನೆನಪಿತ್ತು. 'ಬಾ ತಾಯಿ, ಒಂದನೇ ನಂಬರು ಹತ್ತು, ಆ ಕಡೆ ಹೋಗೋದು' ಅಂದಿದ್ದ. ಇಬ್ಬರೂ ನಕ್ಕಿದ್ದರು. ಮಾಡಿ ತೋರಿಸುವ ಮುಂಚೆ ಮಾತಾಡುವವನನ್ನು ಅವನ ಜನ ಬಾಯಿಬಡುಕ ಎನ್ನುತ್ತಿದ್ದರು. ಅವನಪ್ಪ ಅವನಮ್ಮನಿಗೆ ಪ್ರೀತಿ ಅಂತ ಒಂದು ಮಾತು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ, ಬಾವಿ ತೋಡಿಕೊಟ್ಟಿದ್ದ.

"ಮನೆಗೆ ಬಂದು ಹೋಗು. ಒಂದು ಗಳಿಗೆ," ಎಂದ.

ಬಾಗಿಲು ತೆಗೆದದ್ದೇ ಬಿಸಿ ಮುಖಕ್ಕೆ ತಾಗಿತು. ಲೇಲೋ ಹೊಸ್ತಿಲಲ್ಲೇ ನಿಂತಳು. ಆಮೇಲೆ ಶೂ ಕಳಚಿ, ಜಗಲಿಯ ಮೇಲೆ ಕೂತು, ಬಿಳಿ ಹೆಂಚಿಗೆ ಬೆನ್ನು ಕೊಟ್ಟಳು. ಅಂಗೈಯಿಂದ ಹೆಂಚನ್ನು ಒಂದೊಂದಾಗಿ ಸವರಿದಳು.

"ಯಾವಾಗ ಶುರು ಮಾಡಿದೆ?"

"ನೀನು ಕೇಳಿದ ಮಾರನೇ ದಿನ. ಇಟ್ಟಿಗೆ ತಂದೆ."

ಅವಳು ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. "ಒಂದು ಮಾತು ಹೇಳೋಕೆ ಏನಾಗಿತ್ತೋ ನಿಂಗೆ? ಫೋನಿತ್ತು, ಬಾಯಿತ್ತು! ಕಲ್ಲು ನೀನು, ಕಲ್ಲು!"

"ಮುಗಿಸಿ ತೋರಿಸೋಣ ಅಂತಿದ್ದೆ."

"ಅವನಿಗೆ ಮಾತು ಕೊಟ್ಟಾಗಿದೆ ಉರ್ಮಾಸ್. ಒಳ್ಳೆಯವನು. ನಾನೂ..."

ಅವನು ಅವಳ ಎದುರು ನೆಲದ ಮೇಲೆ ಕೂತ. ಅವಳ ಪಾದದತ್ತ ನೋಡಿ ಕೇಳಿದ, "ಕಾಲು ಬೆಚ್ಚಗಾಯ್ತಾ?"

"ಆಯ್ತು."

"ನಿನ್ನ ಮೇಲೆ ಜೀವ ಇಟ್ಕೊಂಡಿದ್ದೆ ಲೇಲೋ. ಇಟ್ಕೊಂಡಿದ್ದೀನಿ."

ಅವಳು ಅಳುತ್ತಲೇ ನಕ್ಕಳು. "ನೋಡು, ಹೇಳೋಕೆ ಬರುತ್ತೆ ನಿಂಗೆ."

ಸಂಜೆ ಬಂದರಿನ ಬಾಗಿಲಲ್ಲಿ ಅವಳು ಶಾಲು ಬಿಚ್ಚಲು ಹೋದಳು. ಅವನು ಅವಳ ಕೈ ಹಿಡಿದು, ಶಾಲನ್ನು ಮತ್ತೆ ಸುತ್ತಿ, ಗಂಟು ಹಾಕಿದ. "ಇರಲಿ. ಹಡಗಿನ ಮೇಲೆ ಗಾಳಿ ಇರುತ್ತೆ." ಅವಳು ಅವನ ಕೆನ್ನೆ ಮುಟ್ಟಿ ಒಳಗೆ ಹೋದಳು. ಕೆಂಪು ಬಣ್ಣ ಜನರ ನಡುವೆ ಒಮ್ಮೆ ಕಂಡಿತು, ಇನ್ನೊಮ್ಮೆ ಕಂಡಿತು, ಮತ್ತೆ ಕಾಣಲಿಲ್ಲ.

ಅವನು ಟ್ರಾಮಿನ ಸ್ಟಾಪಿಗೆ ಬಂದು ನಿಂತಾಗ ಸೂಟ್‌ಕೇಸು ಎಳೆದುಕೊಂಡು ಬಂದ ಪರವೂರ ಹುಡುಗಿಯೊಬ್ಬಳು ಕೇಳಿದಳು, "ಕ್ಷಮಿಸಿ, ಕಾದ್ರಿಯೋರ್ಗಿಗೆ ಯಾವ ಟ್ರಾಮು?"

ಉರ್ಮಾಸ್ ಅವಳನ್ನೇ ನೋಡಿದ.

"ಒಂದನೇ ನಂಬರು. ರಸ್ತೆ ದಾಟಿ ಆಚೆ ಕಡೆ ನಿಂತ್ಕೊಳ್ಳಿ. ಈಚೆ ಹತ್ತಬೇಡಿ, ಇದು ಕೊಪ್ಲಿಗೆ ಹೋಗುತ್ತೆ."

"ಕೊಪ್ಲಿಯಲ್ಲಿ ಏನಿದೆ?"

"ನೋಡೋಕೆ ಏನೂ ಇಲ್ಲ."

ಅವಳು ರಸ್ತೆ ದಾಟುವವರೆಗೂ ಅವನು ಕಾದ. ಆಮೇಲೆ ತನ್ನ ಟ್ರಾಮು ಹತ್ತಿ, ಹಸಿರು ಕಾರ್ಡು ಮುಟ್ಟಿಸಿ, ಕಿಟಕಿಯ ಪಕ್ಕ ಕೂತ. ಒಳ್ಳೆಯ ಒಲೆ ಒಮ್ಮೆ ಉರಿಸಿದರೆ ಮರುದಿನ ಬೆಳಗಿನ ತನಕ ಬಿಸಿ ಆರುವುದಿಲ್ಲ. ಅವನು ಕಟ್ಟಿದ್ದು ಒಳ್ಳೆಯ ಒಲೆಯೇ.