ಓದದೆ ಹಾಕಿದ ಕ್ರಿಯಾಪದ

"ರೋವನ್ ಥ್ವೇಟ್ ಕ್ಲೇಮ್ಸ್..."

ಹೆಸ್ಟರ್ ಆ ಕ್ರಿಯಾಪದವನ್ನು ಮತ್ತೆ ಒತ್ತಿ ಹೇಳಿದಳು. ಕೋಣೆಯಲ್ಲಿ ಸಣ್ಣಗೆ ನಗು ಎದ್ದಿತು.

ಎದುರಿನ ಕುರ್ಚಿಯಲ್ಲಿದ್ದ ಗಡ್ಡದ ಯುವಕನ ಕಿವಿ ಕೆಂಪಾಯಿತು. ಅವನೇ ರೋವನ್! ಅವಳು ಅವನನ್ನು ಗಮನವಿಟ್ಟು ನೋಡಿದ್ದು ಅದೇ ಮೊದಲು. ಅವನ ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ.

ಉತ್ತರ ಇಂಗ್ಲೆಂಡಿನ ಆ ಇತಿಹಾಸ ವಿಭಾಗದಲ್ಲಿ ಬುಧವಾರದ ಸಭೆಗೆ ಒಂದು ಪದ್ಧತಿ. ಪ್ರಬಂಧ ಬರೆದವನು ಬಾಯಿ ಮುಚ್ಚಿ ಕೂರಬೇಕು, ಅವನ ವಾದವನ್ನು ಬೇರೊಬ್ಬರು ಸಭೆಗೆ ಹೇಳಿ ತೂಗಿ ನೋಡಬೇಕು. ಹಾಗೆ ಹೇಳುವಾಗ ಬಳಸುವ ಕ್ರಿಯಾಪದದಲ್ಲೇ ಅವನ ಮಾನ ಮರ್ಯಾದೆ ಎಲ್ಲ. ‘ಶೋಸ್’ ಎಂದರೆ ಪುರಾವೆ ಸಮೇತ ತೋರಿಸಿಕೊಟ್ಟಿದ್ದಾನೆ ಎಂದು. ‘ಆರ್ಗ್ಯೂಸ್’ ಎಂದರೆ ವಾದದಲ್ಲಿ ಹುರುಳಿದೆ, ಕೇಳಬಹುದು. ‘ಸಜೆಸ್ಟ್ಸ್’ ಎಂದರೆ ಪಾಪ, ಅವನಿಗೇ ಪೂರ್ತಿ ಧೈರ್ಯವಿಲ್ಲ. ‘ಕ್ಲೇಮ್ಸ್’ ಎಂದು ಬಿಟ್ಟರೆ ಮುಗಿಯಿತು... ಹೇಳಿಕೊಳ್ಳುತ್ತಾನೆ ಅಷ್ಟೇ, ನಂಬುವುದು ಬಿಡುವುದು ನಿಮ್ಮ ಹಣೆಬರಹ!

"ಇಲ್ಲಿನ ಬೆಟ್ಟದ ಮೇಲಿನ ಹಳೇ ಕಲ್ಲುಗೋಡೆಗಳನ್ನು ಕಟ್ಟಿದ್ದು ಹೆಂಗಸರಂತೆ" ಎಂದು ಹೆಸ್ಟರ್ ಮುಗಿಸಿದಳು. "ಕಲ್ಪನೆ ಚೆನ್ನಾಗಿದೆ. ಸಾಕ್ಷ್ಯ ಎಲ್ಲಿದೆ?"

ಈಗ ರೋವನ್ ಮಾತಾಡಬಹುದಿತ್ತು. ಅವನು ಎದ್ದು ನಿಂತ. ಬಾಯಿ ತೆರೆದ. ಅವಳ ಮುಖ ನೋಡಿದ...

"ಥ್ಯಾಂಕ್ಸ್. ಇನ್ನೂ ಚೆನ್ನಾಗಿ ಬರೀಬೇಕಿತ್ತು" ಎಂದಷ್ಟೇ ಹೇಳಿ ಕೂತುಬಿಟ್ಟ.

ವಿಭಾಗದ ಮುಖ್ಯಸ್ಥೆ ಪ್ರೊಫೆಸರ್ ಓರ್ಮರಾಡ್ ಕನ್ನಡಕ ತೆಗೆದರು. "ಹಾಗಾದ್ರೆ ಮುಂದಿನ ವರ್ಷದ ವಿದ್ಯಾರ್ಥಿವೇತನಕ್ಕೆ ನಿಮ್ಮ ಹೆಸರು ಕಳಿಸೋಕಾಗಲ್ಲ ರೋವನ್. ಬೇಜಾರು ಮಾಡ್ಕೋಬೇಡಿ."

ಅವನು ತಲೆಯಾಡಿಸಿದ. ಹೆಸ್ಟರ್‌ಗೆ ಗೆದ್ದ ಖುಷಿ. ಆದರೂ ಆ ನೋಟ ಎದೆಯೊಳಗೆ ಎಲ್ಲೋ ಕೂತುಬಿಟ್ಟಿತು.

ಅವಳ ಕೆಲಸ ಏನು ಗೊತ್ತೇ? ಹೊಸ ವಿದ್ಯಾರ್ಥಿಗಳಿಗೆ ಪ್ರಬಂಧ ಬರೆಯುವುದನ್ನು, ಯಾವ ವಾದಕ್ಕೆ ಯಾವ ಕ್ರಿಯಾಪದ ಎಂಬುದನ್ನು ಕಲಿಸುವುದು! "ಇನ್ನೊಬ್ಬರ ಬೆವರನ್ನ ಓದದೆ ಕ್ಲೇಮ್ಸ್ ಅನ್ಬೇಡಿ" ಎಂದು ಪ್ರತಿ ತರಗತಿಯಲ್ಲೂ ಉಪದೇಶ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ.

ಮರುದಿನ ತರಗತಿಯಲ್ಲಿ ಅವಳು ರೋವನ್‌ನ ಪ್ರಬಂಧವನ್ನೇ ಎತ್ತಿಕೊಂಡಳು. "ಪುರಾವೆ ಇಲ್ಲದ ವಾದ ಹೇಗಿರುತ್ತೆ ನೋಡಿ" ಎನ್ನುತ್ತ ನಡುವಿನ ಪುಟವೊಂದನ್ನು ತೆರೆದು ಗಟ್ಟಿಯಾಗಿ ಓದತೊಡಗಿದಳು.

"ಇಸಬೆಲ್ ಎಂಬಾಕೆ ನ್ಯಾಯಾಲಯದಲ್ಲಿ ಆಣೆ ಮಾಡಿ ನುಡಿದದ್ದು: ಆ ಗೋಡೆ ಕಟ್ಟಿದ್ದು ನಾನು ಮತ್ತು ನನ್ನ ತಂಗಿ. ಕಲ್ಲು ಹೊತ್ತು ನನ್ನ ಬೆರಳು ಮುರಿಯಿತು. ಕೂಲಿ ಮಾತ್ರ ಗಂಡನ ಕೈಗೆ..."

ಹೆಸ್ಟರ್‌ಳ ಸ್ವರ ಅಲ್ಲೇ ಇಂಗಿತು.

ಪುಟ ತಿರುಗಿಸಿದಳು. ಇನ್ನೊಬ್ಬಳ ಸಾಕ್ಷ್ಯ. ಮತ್ತೆ ತಿರುಗಿಸಿದಳು. ಮತ್ತೊಬ್ಬಳು! ಮೂರನೇ ಅಧ್ಯಾಯದ ತುಂಬ ಆಣೆ ಮಾಡಿ ನುಡಿದ ಹೆಂಗಸರು.

"ಮೇಡಂ, ಇದು ಪುರಾವೆ ಅಲ್ವಾ?" ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಹೆಸ್ಟರ್‌ಗೆ. ಅವಳು ಓದಿದ್ದು ಮೊದಲ ಪುಟ ಮತ್ತು ಕೊನೆಯ ಪುಟ. ನಡುವಿನದನ್ನು ಹಾರಿಸುವುದು ಆ ವೃತ್ತಿಯವರ ಗುಟ್ಟಿನ ಚಾಳಿ. ಓದಬೇಕಾದ ಸಂಜೆ ಅವಳು ಗೆಳತಿಯ ಹುಟ್ಟುಹಬ್ಬಕ್ಕೆಂದು ಪಬ್‌ನಲ್ಲಿ ಕೂತಿದ್ದಳು.

‘ಅವನಿಗೆ ಗೊತ್ತಿತ್ತು... ಮತ್ತೆ ಯಾಕೆ ಸುಮ್ಮನಿದ್ದ?’

ಹೆಸ್ಟರ್ ಹುಡುಕಿಕೊಂಡು ಹೋದಾಗ ರೋವನ್ ಕ್ಯಾಂಟೀನಿನಲ್ಲಿ ಒಬ್ಬನೇ ಕೂತು ಚೀಸ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

"ಮೂರನೇ ಅಧ್ಯಾಯ ನೋಡಿ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ! ಯಾಕೆ ಬಾಯಿ ಬಿಡ್ಲಿಲ್ಲ?"

ಅವನು ಗಾಬರಿಯಿಂದ ಎದ್ದ. "ನಿಮ್ಮ ಕೆಲಸ ಕಾಯಂ ಮಾಡೋದು ಓರ್ಮರಾಡ್ ಅವರೇ ಅಲ್ವಾ? ಅವರ ಮುಂದೆ ನೀವು ಓದೇ ಇಲ್ಲ ಅಂತ ಹೇಗೆ ಹೇಳ್ಲಿ?"

"ಓಹೋ, ಕನಿಕರ!" ಅವಳ ಕಣ್ಣು ತುಂಬಿತು. "ಮನಸ್ಸಲ್ಲೇ ನನ್ನ ನೋಡಿ ನಕ್ಕಿದ್ದೀರಿ."

"ಅಯ್ಯೋ, ಹಾಗಲ್ಲ ಹೆಸ್ಟರ್..."

ಅವಳು ನಿಲ್ಲಲಿಲ್ಲ. ಕೋಪ ಅವನ ಮೇಲೆ ಎಂದುಕೊಂಡಿದ್ದಳು. ಮನೆ ತಲುಪಿ ಕೋಟು ಬಿಚ್ಚುವಾಗ ತಿಳಿಯಿತು, ಅದು ತನ್ನ ಮೇಲೇ. ಎಲ್ಲರೆದುರು ಒಪ್ಪಿಕೊಂಡರೆ ಕೆಲಸ ಹೋಗಬಹುದು. ಒಪ್ಪಿಕೊಳ್ಳದಿದ್ದರೆ ಅವನ ಓದು ಇಲ್ಲಿಗೇ ನಿಲ್ಲುತ್ತದೆ. ಅನ್ನ ಸೇರಲಿಲ್ಲ ಎನ್ನುತ್ತೇವಲ್ಲ, ಅವಳಿಗೆ ಆ ವಾರ ಬ್ರೆಡ್ಡೂ ಗಂಟಲಲ್ಲಿ ಇಳಿಯಲಿಲ್ಲ.

ಮುಂದಿನ ಬುಧವಾರ. ಟೀ ಕಪ್ಪುಗಳು ಕೈಸೇರುತ್ತಿದ್ದಂತೆ ಹೆಸ್ಟರ್ ಎದ್ದು ನಿಂತಳು.

"ಹೋದ ವಾರ ನಾನು ರೋವನ್ ಅವರ ಪ್ರಬಂಧ ಓದಿರ್ಲಿಲ್ಲ. ಮೊದಲು, ಕೊನೆ ನೋಡ್ಕೊಂಡು ಬಂದಿದ್ದೆ. ಸಾಕ್ಷ್ಯ ಇಲ್ಲ ಅಂದೆ. ಇದೆ. ತುಂಬಾ ಇದೆ. ಆ ಕ್ಲೇಮ್ಸ್ ಅನ್ನೋ ಪದ ನಾನು ಸೋಮಾರಿತನದಿಂದ ಬಳಸಿದ್ದು. ಮುರಿದ ಬೆರಳಲ್ಲಿ ಆಣೆ ಮಾಡಿದ ಹೆಂಗಸರನ್ನೂ ನಾನು ಸುಳ್ಳಿಯರು ಅಂದ ಹಾಗಾಯ್ತು. ನನಗೆ... ನನಗೆ ತುಂಬಾ ನಾಚಿಕೆ ಆಗ್ತಿದೆ."

ಪ್ರೊಫೆಸರ್ ತಮ್ಮ ಕಪ್ಪನ್ನು ಕೆಳಗಿಟ್ಟರು.

"ಸರಿ" ಎಂದರು ಓರ್ಮರಾಡ್. "ಇಲ್ಲಿ ಆ ಅಧ್ಯಾಯ ಓದಿದವರು ಯಾರ್ಯಾರು? ಕೈ ಎತ್ತಿ."

ವಿದ್ವಾಂಸರೆಲ್ಲ ತಮ್ಮ ತಮ್ಮ ಟೀ ಕಪ್ಪಿನೊಳಗೆ ಏನೋ ಹುಡುಕತೊಡಗಿದರು. ಪ್ರೊಫೆಸರ್ ಕೂಡ ಕೈ ಎತ್ತಲಿಲ್ಲ. ಅವರ ಕೆನ್ನೆಯೂ ಕೆಂಪಾಗಿತ್ತು.

"ರೋವನ್ ಹೆಸರು ಇವತ್ತೇ ಕಳಿಸ್ತೀನಿ. ಹೆಸ್ಟರ್, ನಿಮ್ಮ ಕೆಲಸದ ವಿಷಯ... ಓದಿದ ಮೇಲೆ ಮಾತಾಡೋಣ. ನಾನೂ ಓದಬೇಕಲ್ಲ!"

ಹೆಸ್ಟರ್ ಹೊರಗೋಡಿದಳು. ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡಳು. ಪಕ್ಕದಲ್ಲಿ ಯಾರೋ ಬಂದು ಕೂತರು.

"ಯಾಕೆ ಹೀಗ್ಮಾಡಿದ್ರಿ? ನಿಮ್ಮನ್ನ ಉಳಿಸೋಕೆ ಅಂತಾನೇ ನಾನು..."

"ಹಾಗೆ ಉಳಿದು ನಾನು ಏನಾಗ್ಲಿ ರೋವನ್? ನೀವು ಸುಮ್ಮನಿದ್ದಷ್ಟೂ ನಾನು ಚಿಕ್ಕವಳಾದೆ."

ರೋವನ್ ತಲೆ ತಗ್ಗಿಸಿದ.

"ನಿಜ. ತಪ್ಪು ನಂದೂ ಇದೆ. ಆ ಹೆಂಗಸರ ಪರವಾಗಿ ನಿಲ್ಲಬೇಕಾದವನು ನಾನು. ಅವರನ್ನ ಬಿಟ್ಟುಕೊಟ್ಟೆ. ನಂಗೂ ನಾಚಿಕೆ ಆಗುತ್ತೆ."

"ಯಾಕೆ ಬಿಟ್ಟುಕೊಟ್ರಿ? ನಾನು ನಿಮಗೆ ಯಾರು?"

"ಚಳಿಗಾಲ ಪೂರ್ತಿ ನಿಮ್ಮ ತರಗತೀಲಿ ಹಿಂದಿನ ಬೆಂಚಲ್ಲಿ ಕೂತಿದ್ದೆ ಹೆಸ್ಟರ್. ಬರೆಯೋದು ಮೊದಲ ವಾರಾನೇ ಬಂದಿತ್ತು. ಆಮೇಲೆ ಬಂದಿದ್ದು ನಿಮಗೋಸ್ಕರ. ಅಷ್ಟು ಪ್ರೀತಿ ಮಾಡ್ತೀನಿ. ಹೇಳೋ ಧೈರ್ಯ ಇರ್ಲಿಲ್ಲ."

ಅವಳ ಎದೆ ಝಲ್ಲೆಂದಿತು. ಆದರೂ ಮುಖದಿಂದ ಕೈ ತೆಗೆಯಲಿಲ್ಲ.

"ಈಗ ನನ್ನ ನಿಜ ಬಣ್ಣ ಗೊತ್ತಾಯ್ತಲ್ಲ. ಈಗ್ಲೂನಾ?"

"ಈಗ ಜಾಸ್ತಿ. ಕೈ ತೆಗಿ, ಮುಖ ನೋಡ್ಬೇಕು."

"ಬೇಡ. ಅತ್ತು ಅತ್ತು ಕೆಟ್ಟದಾಗಿದೆ... ನಾಚಿಕೆ ಇನ್ನೂ ಹೋಗಿಲ್ಲ ಕಣೋ."

"ಹೋಗೋವರೆಗೂ ಇಲ್ಲೇ ಕೂತಿರ್ತೀನಿ."

ಅವಳು ಬೆರಳ ಸಂದಿಯಿಂದ ಅವನನ್ನು ನೋಡಿದಳು. ಮೆಲ್ಲನೆ ಒಂದು ಕೈ ತೆಗೆದು ಅವನ ಅಂಗೈಯಲ್ಲಿಟ್ಟಳು.

"ತುಂಬಾ ಹೊತ್ತಾಗುತ್ತೆ, ರೋವನ್."

"ಆಗ್ಲಿ ಬಿಡು."