ನುಡಿತಗಡು ಹೇಳಿದ ಹೂಂ

ಬನಶ್ರೀ ನಾಲಿಗೆಯ ತುದಿಯನ್ನು ಮಡಿಚಿ ಅಂಗುಳಕ್ಕೆ ಒತ್ತಿ ಬಿಟ್ಟಳು. ಕೊರಳಿನ ಪದಕದಿಂದ "ಅಣ್ಣಾ" ಎಂಬ ಕರೆ ಹೊರಬಿತ್ತು. ಮಗ್ಗದ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ರೇವಣ್ಣ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತ. ತಂಗಿಯ ದನಿ ಇನ್ನು ಈ ಜನ್ಮದಲ್ಲಿ ಇಲ್ಲವೆಂದೇ ಅವನು ತಿಳಿದಿದ್ದ.

ಗಂಟಲಲ್ಲಿ ಗಡ್ಡೆಯಾಗಿ ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಈಗ ಅವಳು ಉಸಿರಾಡುವುದು ಕೊರಳಿನ ಒಂದು ರಂಧ್ರದಿಂದ. ಧಾರವಾಡದ ಡಾ. ವಿಶಾಲಾಕ್ಷಿ ಹಂಚಿನಾಳ ನುಡಿತಗಡನ್ನು ಕೂರಿಸುವಾಗ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಎದೆಯಿಂದ ಬಂದ ಉಸಿರು ಗಂಟಲಿನ ತಂತುಗಳನ್ನು ನಡುಗಿಸಿದರೆ ನಾದ ಹುಟ್ಟುತ್ತದೆ. ಆ ನಾದವನ್ನು ಬಾಯಿ ತಡೆದು, ತಿದ್ದಿ ಅಕ್ಷರ ಮಾಡುತ್ತದೆ. ನಾಲಿಗೆಯ ಹಿಂಭಾಗ ಮೇಲೆದ್ದರೆ ಕ, ತುದಿ ಹಲ್ಲಿಗೆ ತಾಗಿದರೆ ತ, ತುಟಿ ಕೂಡಿ ಬಿಟ್ಟರೆ ಪ. ಬನಶ್ರೀ ಕಳೆದುಕೊಂಡದ್ದು ನಾದವನ್ನು ಮಾತ್ರ. ಅಂಗುಳಕ್ಕೆ ಅಂಟಿದ ತೆಳ್ಳನೆಯ ತಗಡು ನಾಲಿಗೆ ಎಲ್ಲಿ ತಾಗಿತೆಂದು ತಿಳಿದುಕೊಳ್ಳುತ್ತದೆ, ತುಟಿಯಂಚಿನ ಚುಕ್ಕೆ ತುಟಿಯನ್ನು ಗಮನಿಸುತ್ತದೆ, ಪದಕ ನಾದ ಕೂಡಿಸುತ್ತದೆ.

ಗುಳೇದಗುಡ್ಡದ ಮಗ್ಗದವಳಿಗೆ ಇದೇನೂ ಕಷ್ಟವಾಗಲಿಲ್ಲ. ಯಂತ್ರಮಗ್ಗಗಳ ಸದ್ದಿನಲ್ಲಿ ಮಾತು ಕೇಳದು. ಅಲ್ಲಿ ಎಲ್ಲರೂ ಒಬ್ಬರ ತುಟಿ ಒಬ್ಬರು ನೋಡಿಯೇ ಮಾತಾಡಿಕೊಳ್ಳುತ್ತಾರೆ. ಶಾಲೆ ಬಿಟ್ಟು ಬಂದ ದಿನದಿಂದ ಬನಶ್ರೀಯೂ ಬಾಯಿಗಳನ್ನು ನೋಡುತ್ತಲೇ ಬೆಳೆದವಳು, ದನಿ ತೆಗೆದು ಆಡಿದ್ದು ಕಡಿಮೆ.

ಆದರೆ ಅವಳು ಬಹಳ ನಯವಂತೆಯಾಗಿದ್ದಾಳೆಂದು ಓಣಿಯವರು ಹೊಗಳತೊಡಗಿದಾಗ ಅವಳಿಗೇ ಆಶ್ಚರ್ಯವಾಯಿತು. ಯಾರು ಏನು ಹೇಳಿದರೂ "ಹೂಂ" ಅನ್ನುತ್ತಾಳಂತೆ. ಆಮೇಲೆ ಗಮನಿಸಿದಳು. ಎದುರಿನವರು ಮಾತು ನಿಲ್ಲಿಸಿದಾಗ ಅವಳು ತುಟಿ ಮುಚ್ಚಿ ಕೂತಿದ್ದರೆ ಪದಕ ತಾನಾಗಿಯೇ ಹೂಂಗುಡುತ್ತಿತ್ತು. ಎದುರುಮನೆಯ ಮುದುಕಿಗಂತೂ ಇದರಿಂದ ಹಬ್ಬ. ಸೊಸೆಯ ಮೇಲಿನ ದೂರನ್ನೆಲ್ಲ ಸಂಜೆಯವರೆಗೆ ಹೇಳಿ, "ನೀನರೆ ಒಪ್ಪಿದೆಲ್ಲ ಯವ್ವಾ" ಎಂದು ಎದ್ದುಹೋದಳು. ಬನಶ್ರೀ ಆಗ ನಕ್ಕುಬಿಟ್ಟಳು.

ಇಳಕಲ್ಲಿನಿಂದ ಹೆಣ್ಣು ನೋಡಲು ಬಂದ ದಿನ ನಗು ಬರಲಿಲ್ಲ. ವರ ಅವಳ ಮುಖಕ್ಕಿಂತ ಪದಕವನ್ನೇ ಹೆಚ್ಚು ನೋಡಿದ. ಮದುವೆಯಾದ ಮೇಲೆ ಮಗ್ಗ ಬೇಕಿಲ್ಲವೆಂದು ಅವನ ತಾಯಿ ರೇವಣ್ಣನಿಗೆ ಹೇಳಿದಳು, ಬನಶ್ರೀಗಲ್ಲ. ಹಿರಿಯರೊಬ್ಬರು ಅವಳ ಕಡೆ ತಿರುಗಿ ಕೇಳಿದರು.

"ಒಪ್ಪಿಗಿ ಐತೇನವಾ ತಂಗಿ?"

ಜನರ ನಡುವೆ ಅವಳ ನಾಲಿಗೆ ಏಳಲಿಲ್ಲ. ತುಟಿ ಬಿಗಿದು ನೆಲ ನೋಡಿದಳು.

"ಹೂಂ" ಎಂದಿತು ಪದಕ.

ಸಕ್ಕರೆ ಹಂಚಿದರು. ಅವರು ಹೋದ ಮೇಲೆ ಬನಶ್ರೀ ಅಣ್ಣನನ್ನು ತಡೆದು, ತಾನು ಅಂದಿಲ್ಲ, ಯಂತ್ರ ಅಂದದ್ದು ಎಂದಳು. ಮಂದಿಯೆಲ್ಲ ಕೇಳಿಸಿಕೊಂಡಾಗಿದೆ, ಯಂತ್ರವೇನು ಬೇರೆಯವರ ಕೊರಳಲ್ಲಿತ್ತೇ ಎಂದು ರೇವಣ್ಣ ಸಿಡುಕಿದ. ವೀಳ್ಯದ ಶಾಸ್ತ್ರಕ್ಕೆ ದಿನ ಗೊತ್ತಾಯಿತು.

ಮರುದಿನ ಮುಂಜಾನೆ ಯಾರಿಗೂ ಹೇಳದೆ ಅವಳು ಧಾರವಾಡದ ಬಸ್ಸು ಹತ್ತಿದಳು.

ಪದಕ ತಾನಾಗಿ ಹೂಂ ಅನ್ನುವುದೇಕೆಂದು ಕೇಳಿದಾಗ ವಿಶಾಲಾಕ್ಷಿ ಕಪಟವಿಲ್ಲದೆ ಉತ್ತರಿಸಿದರು. ಹೂಂ ಎನ್ನುವಾಗ ಬಾಯಿ ಮುಚ್ಚಿರುತ್ತದೆ, ನಾದ ಮೂಗಿನಿಂದ ಹೋಗುತ್ತದೆ, ನಾಲಿಗೆಗೆ ಕೆಲಸವೇ ಇಲ್ಲ. ಹಾಗಾಗಿ ತಗಡಿಗೆ ಹೂಂ ಯಾವುದು, ಮೌನ ಯಾವುದು ಗೊತ್ತಾಗುವುದಿಲ್ಲ. ತಗಡನ್ನು ಮೊದಲು ಕೆಲವರಿಗೆ ಹಾಕಿ ಪರೀಕ್ಷಿಸಿದಾಗ ಎದುರಿನ ಜನ ಅವರ ಮೌನವನ್ನು ಸೊಕ್ಕೆಂದು ಭಾವಿಸಿದರು. ಸುಮ್ಮನಿದ್ದ ಹೆಂಗಸರನ್ನು ಮತ್ತೆ ಕೇಳಿದರೆ ಹೆಚ್ಚಿನವರು ಹೂಂ ಅಂದಿದ್ದರು. ಅದಕ್ಕೇ ಮೌನದ ಜಾಗದಲ್ಲಿ ಹೂಂ ತುಂಬಿದ್ದು.

"ಮತ್ತ ಮತ್ತ ಕೇಳಿದ್ರ ಅವರರೆ ಏನ್ ಮಾಡ್ಬೇಕ್ರಿ?" ಎಂದಳು ಬನಶ್ರೀ.

ವಿಶಾಲಾಕ್ಷಿ ಮಾತಾಡಲಿಲ್ಲ. ಬನಶ್ರೀ ಅವರ ತುಟಿಗಳನ್ನೇ ನೋಡುತ್ತ ಕೂತಳು.

"ಈಗ ನೀವೂ ಸುಮ್ನದೀರಿ ಡಾಕ್ಟರ್. ನಾ ಇದನ್ನ ಹೂಂ ಅಂತ ತಿಳ್ಕೊಳ್ಳೇನ್ರಿ?"

ಕೆಲಸ ಮೂರು ದಿನ ಹಿಡಿಯಿತು. ತಾನಾಗಿ ಹೂಂಗುಡುವುದನ್ನು ಮೊದಲು ಅಳಿಸಿದರು. ಇನ್ನೊಂದು ಸದ್ದು ಬೇಕೆಂದು ಅವಳು ಹಟ ಹಿಡಿದಳು. ಬೇಡ ಎನ್ನಲು ತಗಡೇ ಸಾಕಲ್ಲವೇ ಎಂದರು ವಿಶಾಲಾಕ್ಷಿ. ಸಾಲದು, ನಾಲಿಗೆ ಏಳದಾಗಲೂ ಬೇಡ ಅನ್ನುವಂತಿರಬೇಕು ಎಂದಳು. ಊಹೂಂ ಹುಟ್ಟುವುದು ಗಂಟಲಲ್ಲಿ, ನಡುವೆ ಉಸಿರು ಒಮ್ಮೆ ಕಡಿದು ಮತ್ತೆ ಹರಿಯಬೇಕು. ಕೊನೆಗೆ ಕೊರಳಿನ ರಂಧ್ರದ ಬಳಿ ಉಸಿರನ್ನು ಗಮನಿಸುವ ಮಣಿಯೊಂದನ್ನು ಕೂರಿಸಿದರು.

ವೀಳ್ಯದ ದಿನ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಶಾಸ್ತ್ರಕ್ಕೆಂದು ಹಿರಿಯರು ಮತ್ತೆ ಅದೇ ಮಾತು ಕೇಳಿದರು. ಬನಶ್ರೀ ತುಟಿ ಮುಚ್ಚಿದಳು. ಈ ಸಲ ಪದಕವೂ ಸುಮ್ಮನಿತ್ತು. ವರನ ತಾಯಿ ಸೆರಗು ಸರಿಪಡಿಸಿಕೊಂಡಳು.

"ಕೆಟ್ಟೈತೇನು ಅದು?" ಎಂದ ವರ.

"ಹೂಂ ಅನ್ನವಾ, ಮಂದಿ ಕಾಯಾಕತ್ತಾರ" ಎಂದ ರೇವಣ್ಣ.

ಅವಳು ತಲೆಯೆತ್ತಿ ಉಸಿರು ಬಿಟ್ಟಳು, ಕಡಿದಳು, ಮತ್ತೆ ಬಿಟ್ಟಳು.

"ಊಹೂಂ."

ಬಂದವರು ಎದ್ದು ಹೋದರು. ರೇವಣ್ಣ ಕೂಗಾಡಿ, ಚಪ್ಪಲಿ ಮೆಟ್ಟಿ ಹೊರಬಿದ್ದ. ಅಡುಗೆಮನೆಯ ಬಾಗಿಲಲ್ಲಿ ಅವ್ವ ಒಬ್ಬಳೇ ನಿಂತಿದ್ದಳು. ಮಗಳ ಬಳಿ ಬಂದು ಪದಕವನ್ನು ಎತ್ತಿ ನೋಡಿದಳು. ಅವ್ವನ ಮದುವೆ ಗೊತ್ತಾದದ್ದು ಎರಡು ಸಾವಿರದ ಇಪ್ಪತ್ತಾರರಲ್ಲಿ, ಇಂಥದೇ ಇನ್ನೊಂದು ಪಡಸಾಲೆಯಲ್ಲಿ.

"ನನ್ನ ಕೇಳಿದಾಗನೂ ನಾ ಹಿಂಗ ಬಾಯಿ ಮುಚ್ಚಿ ಕುಂತಿದ್ದೆ" ಎಂದಳು ಅವ್ವ. "ಸಕ್ಕರಿ ಹಂಚಿದ್ರು. ಆಗ ಈ ಯಂತ್ರ ಇನ್ನೂ ಬಂದಿದ್ದಿಲ್ಲ. ಮತ್ತ ಹೂಂ ಅಂದವರು ಯಾರವಾ?"